ನಂಬಿಕೆಯ ಲೆಕ್ಕ

ಕಾರ್ಡು, ಲಕೋಟೆಗಳ ಮೇಲೆ ಊರಿನ ಹೆಸರಿನ ಮಗ್ಗುಲಲ್ಲಿ ಬರೆಯುವ ಆರು ಅಂಕಿಗಳನ್ನು ನಾವು ಸಂಖ್ಯೆಯೆಂದು ನೋಡುವುದೇ ಇಲ್ಲ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್ ಕೋಡನ್ನು ಜಾರಿಗೆ ತಂದಂದಿನಿಂದ ಅವು ಊರಿನ ಹೆಸರಿಗೆ ಅಂಟಿಕೊಂಡ ಬಾಲದ ಹಾಗೆ ಇವೆ. ಅವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಭಾಗಿಸುವ ಗೋಜಿಗಂತೂ ಹೋಗುವುದೇ ಇಲ್ಲ. ಆದರೆ ನಮ್ಮ ಸೀಮೆಯ ಐದು ಊರುಗಳ ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಸಣ್ಣದೊಂದು ತಮಾಷೆ ಕಾಣುತ್ತದೆ. ಕೂಡ್ಲಿಗಿ 583135, ಕೊಟ್ಟೂರು 583134, ಹಗರಿಬೊಮ್ಮನಹಳ್ಳಿ 583212, ಹೂವಿನಹಡಗಲಿ 583219, ಹರಪನಹಳ್ಳಿ 583131.

ಗಣಿತದಲ್ಲಿ ಕೆಲವು ಸಂಖ್ಯೆಗಳನ್ನು ಅವಿಭಾಜ್ಯ ಎನ್ನುತ್ತಾರೆ. ಒಂದು, ಮತ್ತು ಸ್ವತಃ ಆ ಸಂಖ್ಯೆ, ಇವೆರಡನ್ನು ಬಿಟ್ಟು ಮತ್ತಾವುದರಿಂದಲೂ ಶೇಷವಿಲ್ಲದೆ ಭಾಗವಾಗದಂಥವು ಅವು. 2, 3, 5, 7, 11, 13 ಎಂದು ಹೊರಡುವ ಈ ಸಾಲಿಗೆ ಕೊನೆಯೇ ಇಲ್ಲವೆಂದು ಯೂಕ್ಲಿಡ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ. ಒಂದನ್ನು ಬಿಟ್ಟರೆ ಉಳಿದ ಎಣಿಕೆಯ ಸಂಖ್ಯೆಗಳೆಲ್ಲ ಇವನ್ನೇ ಗುಣಿಸಿ ಕಟ್ಟಿದವು. ಹಾಗಾದರೆ ನಮ್ಮ ಐದು ಊರುಗಳಲ್ಲಿ ಅವಿಭಾಜ್ಯ ಯಾವುದು? ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳದು ಸಮಸಂಖ್ಯೆ, ಎರಡರಿಂದಲೇ ಒಡೆದುಹೋಗುತ್ತವೆ. ಹರಪನಹಳ್ಳಿಯ ಅಂಕಿಗಳನ್ನು ಕೂಡಿದರೆ 21. ಆದ್ದರಿಂದ ಅದು ಮೂರಕ್ಕೆ ಸಿಕ್ಕುತ್ತದೆ. ಕೂಡ್ಲಿಗಿಯದು ಐದರಲ್ಲಿ ಮುಗಿಯುವುದರಿಂದ ಐದಕ್ಕೆ ಸಿಕ್ಕುತ್ತದೆ. ಹಡಗಲಿ ಸ್ವಲ್ಪ ಬಿಗಿ. ಎರಡು, ಮೂರು, ಐದು ಯಾವುದಕ್ಕೂ ಜಗ್ಗದೆ ನಿಂತು, ಕೊನೆಗೆ ಏಳರ ಹತ್ತಿರ 83317 ಎಂಬ ಭಾಗಲಬ್ಧ ಕೊಟ್ಟು ಸೋಲೊಪ್ಪುತ್ತದೆ. ಐದೂ ವಿಭಾಜ್ಯವೇ! ವಿಭಜನೆಯ ಮಾತು ಕೇಳಿ ಹರಪನಹಳ್ಳಿಯವರು ನಕ್ಕಾರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕು ಅದು.

ಈ ಐದೂ ತಾಲ್ಲೂಕುಗಳಿಗೆ ಈಗ ಜಿಲ್ಲಾ ಕೇಂದ್ರ ಹೊಸಪೇಟೆ. ಅದರ ಪಿನ್ 583201. ಇದನ್ನು ಒಡೆಯಲು ಕಾಗದ, ಪೆನ್ಸಿಲು ಹಿಡಿದು ಕೂತರೆ ಮಾತ್ರ ಬೇರೆಯೇ ಅನುಭವ. ಎರಡು, ಮೂರು, ಐದು, ಏಳು, ಯಾವುದೂ ನಡೆಯುವುದಿಲ್ಲ. ಹನ್ನೊಂದು, ಹದಿಮೂರು, ಹದಿನೇಳು, ಎಲ್ಲಕ್ಕೂ ಏನಾದರೊಂದು ಶೇಷ ಉಳಿದೇ ಉಳಿಯುತ್ತದೆ. ಸಂಖ್ಯೆಯೊಂದು ಎರಡು ಭಾಗವಾಗುವುದಾದರೆ ಅವುಗಳಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ದಾಟಲಾರದು. ಹಾಗಾಗಿ 763ರ ತನಕ ಇರುವ 135 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಸಾಕು ಎನ್ನುವುದು ಸುಲಭ. ನೂರು ಭಾಗಾಕಾರ ಮುಗಿಸಿ 541ಕ್ಕೆ ಬಂದರೂ ಹೊಸಪೇಟೆ ಅಲುಗುವುದಿಲ್ಲ. 116 ಸಲ ಸೋತ ಮೇಲೆ 117ನೆಯ ಅವಿಭಾಜ್ಯವಾದ 643ರಲ್ಲಿ ಬಾಗಿಲು ತೆರೆಯುತ್ತದೆ. 643ನ್ನು 907ರಿಂದ ಗುಣಿಸಿದರೆ 583201.

ಇಲ್ಲೊಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳೋಣ. ಅವನು ಪ್ರಾಮಾಣಿಕ, ಶ್ರಮಜೀವಿ. ನೂರು ಭಾಗಾಕಾರ ಮಾಡಿ ದಣಿದು, "ಇದು ಅವಿಭಾಜ್ಯ, ನನ್ನ ಮಾತು ನಂಬಿ" ಎಂದು ಎದ್ದುಬಿಟ್ಟ. ಅವನು ಹೇಳಿದ್ದು ಸುಳ್ಳೇ? ಸಂಖ್ಯೆಯ ದೃಷ್ಟಿಯಿಂದ ಸುಳ್ಳು. ಆದರೆ ಅವನು ಸುಳ್ಳುಗಾರನಲ್ಲ. ಯಾರನ್ನೂ ಮೋಸಗೊಳಿಸುವ ಉದ್ದೇಶ ಅವನಿಗಿರಲಿಲ್ಲ. ಬದುಕಿನಲ್ಲಿ ನಮ್ಮನ್ನು ದಾರಿ ತಪ್ಪಿಸುವ ಮಾತುಗಳಲ್ಲಿ ಹೆಚ್ಚಿನವು ಈ ಜಾತಿಯವು ಎಂದು ನನಗೆ ಅನ್ನಿಸುತ್ತದೆ. ನೂರಕ್ಕೆ ನಿಲ್ಲಿಸಿದೆ ಎಂದು ಹೇಳಿದ್ದರೆ ಅವನ ಮಾತು ಪೂರ್ತಿ ಸತ್ಯವಾಗಿರುತ್ತಿತ್ತು. ಎಲ್ಲಿ ನಿಲ್ಲಿಸಿದೆ ಎಂಬುದನ್ನು ನುಂಗಿ, ನಿಲ್ಲಿಸಿದ ಜಾಗವನ್ನೇ ಕೊನೆಯೆಂದು ಸಾರಿದ್ದು ಅವನ ದೋಷ. ಅವನ ದೋಷ ಹಾಗಿರಲಿ. ಕೇಳಿದವರ ಪಾಡೇನು? ತಾನೇ ಲೆಕ್ಕ ಮಾಡದವನು ಲೆಕ್ಕ ಮಾಡಿದವನ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು?

ಈ ಪ್ರಶ್ನೆಗೆ ಗಣಿತದ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ಕಥೆಯಿದೆ. ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ 1644ರಲ್ಲಿ ಒಂದು ಪಟ್ಟಿ ಪ್ರಕಟಿಸಿದ. ಒಂದಷ್ಟು ಎರಡುಗಳನ್ನು ಒಂದರಿಂದೊಂದು ಗುಣಿಸಿ ಬಂದದ್ದರಿಂದ ಒಂದು ಕಳೆದರೆ ಕೆಲವೊಮ್ಮೆ ಅವಿಭಾಜ್ಯ ಸಿಗುತ್ತದೆ. ಎರಡು ಎರಡುಗಳಿಗೆ 3, ಮೂರಕ್ಕೆ 7, ಐದಕ್ಕೆ 31, ಏಳಕ್ಕೆ 127. ಆದರೆ ಹನ್ನೊಂದಕ್ಕೆ ಬರುವ 2047 ಮುಗ್ಗರಿಸುತ್ತದೆ. ಅದು 23 ಮತ್ತು 89ರ ಗುಣಲಬ್ಧ. ಎಷ್ಟು ಎರಡುಗಳಿದ್ದರೆ ಅವಿಭಾಜ್ಯ ಬರುತ್ತದೆ ಎಂದು 257ರ ತನಕ ಮೆರ್ಸೆನ್ ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಇಷ್ಟೇ, ಬೇರಿಲ್ಲ ಎಂದ. ಹೇಗೆ ತಿಳಿಯಿತು ಎಂದು ಬಿಡಿಸಿ ಹೇಳಲಿಲ್ಲ. ಅವನು ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರೊಡನೆ ಪತ್ರವ್ಯವಹಾರವಿಟ್ಟುಕೊಂಡಿದ್ದ ಘನ ಪಂಡಿತ. ಇಪ್ಪತ್ತು, ನಲವತ್ತು, ಎಪ್ಪತ್ತು ಅಂಕಿಗಳ ಸಂಖ್ಯೆಗಳನ್ನು ಆ ಕಾಲದಲ್ಲಿ ಪರೀಕ್ಷಿಸುವವರಾರು? ಪಟ್ಟಿ ನಿಂತಿತು. ಇಂಥ ಸಂಖ್ಯೆಗಳಿಗೆ ಇಂದಿಗೂ ಅವನದೇ ಹೆಸರು.

1876ರಲ್ಲಿ ಲೂಕಾ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಈ ಸಂಖ್ಯೆಗಳಿಗೇ ಹೊಂದುವ ಒಂದು ಪರೀಕ್ಷೆ ಕಂಡುಹಿಡಿದ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರನ್ನು ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿದೀತು. ಅವರು ಗಡಿಗೆಯನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಬಿರುಕು ಎಲ್ಲಿದೆಯೆಂದು ಕಣ್ಣಿಗೆ ಕಾಣದಿದ್ದರೂ ಬಿರುಕಿದೆಯೆಂದು ದನಿ ಹೇಳಿಬಿಡುತ್ತದೆ. ಲೂಕಾನ ವಿಧಾನವೂ ತಟ್ಟಿ ನೋಡುವುದೇ. 1930ರ ಸುಮಾರಿಗೆ ಅಮೆರಿಕದ ಲೆಹ್ಮರ್ ಅದನ್ನು ತಿದ್ದಿ ಕೊಟ್ಟ ರೂಪ ಹೀಗಿದೆ. ನಾಲ್ಕರಿಂದ ಹೊರಡಬೇಕು. ಅದರ ವರ್ಗ ಮಾಡಿ ಎರಡು ಕಳೆಯಬೇಕು. ಬಂದದ್ದನ್ನು ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಮತ್ತೆ ಅದರ ವರ್ಗ, ಮತ್ತೆ ಎರಡು ಕಳೆಯುವುದು. ಎರಡುಗಳು ಎಷ್ಟಿದ್ದವೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 31ನ್ನು ತಟ್ಟಿ ನೋಡಿ. ನಾಲ್ಕು ನಾಲ್ಕಲಿ ಹದಿನಾರು, ಎರಡು ಕಳೆದರೆ 14. ಅದರ ವರ್ಗ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಎಂಟೆಂಟಲಿ ಅರವತ್ತನಾಲ್ಕು, ಎರಡು ಕಳೆದರೆ 62; 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಐದು ಎರಡುಗಳಿಗೆ ಮೂರು ತಟ್ಟು. ಗಡಿಗೆ ಗಟ್ಟಿ.

ಲೂಕಾ ತನ್ನ ವಿಧಾನದಿಂದ ಮೆರ್ಸೆನ್ನನ 127 ಸರಿಯೆಂದು ತೋರಿಸಿದ. 39 ಅಂಕಿಗಳ ಆ ಸಂಖ್ಯೆ 1951ರವರೆಗೆ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. ಆದರೆ 67ನ್ನು ತಟ್ಟಿದಾಗ ದನಿ ಬೇರೆ ಬಂತು. ಪಾದ್ರಿಯ ಪಟ್ಟಿಯಲ್ಲಿ ಬಿರುಕಿತ್ತು. ಬಿರುಕು ಎಲ್ಲಿ ಎಂಬುದು ಮಾತ್ರ ಲೂಕಾನಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಿದವನು ಅಮೆರಿಕದ ಕೋಲ್, 1903ರ ಅಕ್ಟೋಬರಿನಲ್ಲಿ. ಗಣಿತಜ್ಞರ ಸಭೆಯಲ್ಲಿ ಅವನು ಬಾಯಿ ಬಿಡದೆ ಬೋರ್ಡಿನ ಮುಂದೆ ನಿಂತು, 67 ಎರಡುಗಳನ್ನು ಗುಣಿಸಿ ಒಂದು ಕಳೆದು 147573952589676412927 ಎಂದು ಬರೆದ. ಪಕ್ಕಕ್ಕೆ ಸರಿದು 193707721ನ್ನು 761838257287ರಿಂದ ಕೈಯಾರೆ ಗುಣಿಸಿದ. ಎರಡೂ ಒಂದೇ ಆದವು. ಮಾತಾಡದೆ ಹೋಗಿ ಕುಳಿತ. ಸಭೆ ಚಪ್ಪಾಳೆ ತಟ್ಟಿತು ಎಂದು ಕಥೆ ಹೇಳುತ್ತಾರೆ. ಮೂರು ವರ್ಷದ ಭಾನುವಾರಗಳನ್ನು ಅವನು ಇದಕ್ಕೆ ಸವೆಸಿದನಂತೆ. ಮೆರ್ಸೆನ್ನನ ಪಟ್ಟಿಯಲ್ಲಿ 257 ಕೂಡ ತಪ್ಪು; 61, 89, 107 ಬಿಟ್ಟುಹೋಗಿದ್ದವು. ಪೂರ್ತಿ ತಿದ್ದುವ ಹೊತ್ತಿಗೆ ಮುನ್ನೂರು ವರ್ಷಗಳಾಗಿದ್ದವು.

ಕೋಲ್ ಮಾತಾಡದೇ ಇದ್ದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಅವನು "ನಂಬಿ" ಎನ್ನಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ. ಗುಣಾಕಾರ ಬಲ್ಲ ಶಾಲೆಯ ಹುಡುಗನೂ ಅವನನ್ನು ಪರೀಕ್ಷಿಸಬಹುದಿತ್ತು. ಹುಡುಕುವುದಕ್ಕೆ ವರ್ಷಗಳು ಬೇಕು, ಹುಡುಕಿದ್ದನ್ನು ಪರೀಕ್ಷಿಸುವುದಕ್ಕೆ ಅರ್ಧ ಗಂಟೆ ಸಾಕು. ಹೊಸಪೇಟೆಯ 643 ಮತ್ತು 907ರಲ್ಲೂ ನಾವು ಕಂಡದ್ದು ಇದನ್ನೇ. ಈ ಏರುಪೇರನ್ನೇ ಬಂಡವಾಳ ಮಾಡಿಕೊಂಡು 1977ರಲ್ಲಿ ಮೂವರು ಗಣಿತಜ್ಞರು ಗುಪ್ತ ಸಂದೇಶಗಳಿಗೆ ಒಂದು ಬೀಗ ಮಾಡಿದರು. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಊರಿಗೆಲ್ಲ ಹೇಳಿದರೂ ಅವೆರಡನ್ನು ಬಿಡಿಸುವುದು ಕಳ್ಳನಿಗೆ ಅಸಾಧ್ಯವಾಗುತ್ತದೆ. ಮೊಬೈಲಿನಲ್ಲಿ ದುಡ್ಡು, ಗುಟ್ಟಿನ ಮಾತುಗಳು ಸುರಕ್ಷಿತವಾಗಿ ಓಡಾಡಲು ನೆರವಾದ ಬೀಗಗಳಲ್ಲಿ ಅದೂ ಒಂದು ಬಗೆ.

ಪ್ರತಿಭಾವಂತರ ಮಾತಿಗೂ ಪರೀಕ್ಷೆ ತಪ್ಪಿದ್ದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ತೆಗೆದು 546372891 ಎಂದರು. ಅವರ ತಲೆಯೊಳಗೆ ಏನು ನಡೆಯಿತೆಂದು ಹೊರಗಿನವರಿಗೆ ಕಾಣಲಿಲ್ಲ. ಆದರೂ ಉತ್ತರವನ್ನು ಕಂಪ್ಯೂಟರಿನಿಂದ ತಾಳೆ ನೋಡಿದರು. ತಾಳೆಯಾಯಿತು. ಅದರಿಂದ ಆಕೆಗೆ ಅವಮಾನವಾಗಲಿಲ್ಲ, ಕೀರ್ತಿ ಬಂತು.

ಈಗ ನಿಜವಾದ ಕಷ್ಟಕ್ಕೆ ಬರೋಣ. 2024ರ ಅಕ್ಟೋಬರ್ 21ರಂದು ಒಂದು ಹೊಸ ಮೆರ್ಸೆನ್ ಅವಿಭಾಜ್ಯವನ್ನು ಘೋಷಿಸಿದರು. 136279841 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಅದರಲ್ಲಿರುವ ಅಂಕಿಗಳು 4 ಕೋಟಿ 10 ಲಕ್ಷದ 24 ಸಾವಿರದ 320. ಪುಟಕ್ಕೆ ಎರಡು ಸಾವಿರ ಅಂಕಿಯಂತೆ ಅಚ್ಚು ಹಾಕಿದರೆ ಇಪ್ಪತ್ತು ಸಾವಿರದ ಐನೂರು ಪುಟ. ಮುನ್ನೂರು ಪುಟದ ಪುಸ್ತಕಗಳಾದರೆ ಅರವತ್ತೆಂಟನ್ನೂ ದಾಟುತ್ತದೆ. ಸೆಕೆಂಡಿಗೆ ಒಂದರಂತೆ ನಿದ್ದೆ ಊಟ ಬಿಟ್ಟು ಓದಿದರೆ 475 ದಿನ. ಇದನ್ನು ಕಂಡವರು ಲ್ಯೂಕ್ ಡ್ಯೂರಾಂಟ್ ಎಂಬ ಅಮೆರಿಕದ ಇಂಜಿನಿಯರು. 1996ರಿಂದ ಇಂಥ ಸಂಖ್ಯೆಗಳನ್ನು ಹುಡುಕುತ್ತ ಬಂದಿರುವ ಗಿಂಪ್ಸ್ ಎಂಬ ಸ್ವಯಂಸೇವಕರ ಬಳಗದಲ್ಲಿ ಅವರೂ ಒಬ್ಬರು. ಇಷ್ಟು ದೊಡ್ಡ ಸಂಖ್ಯೆ ಬೀಗಕ್ಕೂ ಉಪಯೋಗವಿಲ್ಲ, ಬಾಗಿಲಿಗೂ ಇಲ್ಲ. ಸಿಕ್ಕ ಬಹುಮಾನ ಮೂರು ಸಾವಿರ ಡಾಲರು. ಅದನ್ನು ಅವರು ಅಲಬಾಮಾದ ಒಂದು ಗಣಿತ-ವಿಜ್ಞಾನ ಶಾಲೆಗೆ ಕೊಡುವುದಾಗಿ ಹೇಳಿದರು.

ಇಲ್ಲಿ ಕೋಲನ ಬೋರ್ಡು ಕೆಲಸಕ್ಕೆ ಬಾರದು. ಹದಿಮೂರು ಕೋಟಿಗೂ ಮೀರಿದ ತಟ್ಟುಗಳನ್ನು ಯಾವ ಮನುಷ್ಯನೂ ತಟ್ಟಲಾರ. ಯಂತ್ರ ತಟ್ಟಿತು, ಯಂತ್ರ ಸೊನ್ನೆ ಎಂದಿತು. ಹಾಗಾದರೆ ನಾವು ಮತ್ತೆ ಪಾದ್ರಿಯ ಕಾಲಕ್ಕೆ ಹೋದೆವೇ? ಅವನ ಜಾಗದಲ್ಲಿ ಯಂತ್ರ ಕೂತಿತೇ? ಈ ಅನುಮಾನ ಸಣ್ಣದಲ್ಲ. ಆದರೆ ಅಂದು ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಯಂತ್ರವೊಂದು, ಇದು ಅವಿಭಾಜ್ಯವಿರಬಹುದು ಎಂದಿತು. "ಇರಬಹುದು" ಎಂದಷ್ಟೇ. ಮರುದಿನ ಟೆಕ್ಸಾಸಿನ ಇನ್ನೊಂದು ಯಂತ್ರ ಲೂಕಾ-ಲೆಹ್ಮರ್ ಪರೀಕ್ಷೆ ಮಾಡಿ ಹೌದೆಂದಿತು. ಆಮೇಲೂ ಸುಮ್ಮನಾಗದೆ ಬೇರೆ ಬೇರೆಯವರು ಬೇರೆ ಬೇರೆ ಯಂತ್ರಗಳ ಮೇಲೆ, ಬೇರೆ ಬೇರೆ ಪ್ರೋಗ್ರಾಂಗಳಿಂದ ಪರೀಕ್ಷಿಸಿದರು. ಎಲ್ಲ ದಾರಿಗಳೂ ಒಂದೇ ಬಾವಿಗೆ ಬಂದು ಸೇರಿದ ಮೇಲೆ ಘೋಷಿಸಿದರು. ನಾಳೆ ಯಾರಿಗಾದರೂ ಸಂಶಯ ಬಂದರೆ ಅವರೂ ಯಂತ್ರ ಹೂಡಿ ತಟ್ಟಿ ನೋಡಬಹುದು; ವಿಧಾನ ಗುಟ್ಟಿನದಲ್ಲ. ಪಾದ್ರಿಯ ಪಟ್ಟಿಯಲ್ಲಿ ಇಲ್ಲದ್ದು ಇದೇ. ಅದು ದಾರಿಯನ್ನು ಮುಚ್ಚಿ ಊರನ್ನಷ್ಟೇ ತೋರಿಸಿತ್ತು.

ನಂಬಿಕೆಯ ಮಾತೆತ್ತಿದ ಮೇಲೆ ನಮ್ಮ ಸೀಮೆಯವರು ಮೈಲಾರವನ್ನು ಬಿಟ್ಟು ಮಾತು ಮುಗಿಸಲಾಗದು. ಹಡಗಲಿ ತಾಲ್ಲೂಕಿನ ಆ ಊರಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಅಷ್ಟು ಜನವೂ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲು ಕಾರ್ಣಿಕ ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನ ಅರ್ಥ ಅಲ್ಲಿಂದ ಹೊರಡುತ್ತದೆ. ಒಬ್ಬನಿಗೆ ಅದು ಮಳೆ, ಒಬ್ಬನಿಗೆ ಬೆಳೆ, ಒಬ್ಬನಿಗೆ ರಾಜ್ಯದ ರಾಜಕೀಯ. ಹೊಲದ ಕಡೆ ಮುಖ ಮಾಡಿ ಮನೆಗೆ ಹೋಗುವ ರೈತ ತನಗೆ ಬೇಕಾದ ಧೈರ್ಯವನ್ನೋ ಎಚ್ಚರವನ್ನೋ ಅದರಿಂದ ಕಟ್ಟಿಕೊಂಡು ಹೋಗುತ್ತಾನೆ. ಕಾರ್ಣಿಕವನ್ನು ಲೂಕಾನ ಪರೀಕ್ಷೆಗೆ ಒಡ್ಡುವುದು ಅವಿವೇಕ. ಅದು ಕೇಳುವವರು ತಮ್ಮ ಬದುಕಿನಿಂದ ತುಂಬಿಕೊಳ್ಳಬೇಕಾದ ಮಾತು. ಅವಿಭಾಜ್ಯ ಸಂಖ್ಯೆಯ ಮಾತು ಹಾಗಲ್ಲ. ಹಡಗಲಿಯಲ್ಲಿ ಕೇಳಿದರೂ ಡಬ್ಲಿನ್‌ನಲ್ಲಿ ಕೇಳಿದರೂ ಅದಕ್ಕೆ ಒಂದೇ ಅರ್ಥ, ಹೌದು ಅಥವಾ ಅಲ್ಲ. ಎರಡು ಬಗೆಯ ಮಾತಿಗೂ ಮನುಷ್ಯನ ಮನೆಯಲ್ಲಿ ಜಾಗವಿದೆ. ತಾಯಿ "ಊಟ ಮಾಡಿದೆ" ಎಂದಾಗ ಯಾರೂ ಪುರಾವೆ ಕೇಳುವುದಿಲ್ಲ. ಆಕೆ ಮಾಡಿರದಿದ್ದರೂ ಆ ಮಾತಿಗೆ ಬೇರೊಂದು ಸತ್ಯವಿರುತ್ತದೆ.

ಕೇಡು ಬರುವುದು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತಾಗ. ಕೊಡಬೇಕಾದ್ದು, ತೆಗೆದುಕೊಳ್ಳಬೇಕಾದ್ದು, ತೂಕ, ಬಡ್ಡಿ, ಕೂಲಿ, ಓಟು, ಔಷಧದ ಗುಣ, ಇವೆಲ್ಲ ಲೆಕ್ಕದ ಮಾತುಗಳು. ಇವನ್ನು ಬಿಲ್ಲಿನ ಮೇಲೆ ನಿಂತು ಒಂದೇ ಸಾಲಿನಲ್ಲಿ ನುಡಿದು, ಕೆಳಗಿದ್ದವರು ಉಸಿರು ಬಿಗಿಹಿಡಿದು ಕೇಳಬೇಕೆಂದು ಬಯಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಬಿಡಿಸಿ ಹೇಳಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ನಂಬಿಕೆಗೆ ದ್ರೋಹ ಬಗೆದಂತೆ ಮುಖ ಮಾಡುತ್ತಾರೆ.

ನಾನು ಚಿಕ್ಕವನಿದ್ದಾಗ ಅಪ್ಪ ಶೇಂಗಾ ಮಾರಲು ಮಾರುಕಟ್ಟೆಗೆ ಹೋದಾಗಲೊಮ್ಮೆ ಜೊತೆಗಿದ್ದೆ. ಅಂಗಡಿಯ ಸಾಹುಕಾರರು ಚೀಟಿಯ ಮೇಲೆ ಒಟ್ಟು ಮೊತ್ತವನ್ನಷ್ಟೇ ಬರೆದು ಮುಂದಕ್ಕೆ ತಳ್ಳಿದರು. ಅಪ್ಪ ಚೀಟಿ ಹಿಡಿದು ನಿಂತೇ ಇದ್ದ.

"ಯಾಕ ಯಜಮಾನ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದರು ಅವರು.

"ನಂಬಿಕಿ ಐತ್ರಿ ಸಾವ್ಕಾರ್ರ. ಐತಿ ಅಂತನ ಕೇಳಾಕತ್ತೀನಿ. ಲೆಕ್ಕ ಒಂದೀಟು ಬಿಡಿಸಿ ತೋರ್ಸ್ರಿ" ಎಂದ ಅಪ್ಪ.

ಅವರು ಗೊಣಗಿಕೊಂಡೇ ಚೀಟಿಯ ಹಿಂದೆ ಬರೆದರು: ಚೀಲ ಎಷ್ಟು, ತೂಕ ಎಷ್ಟು, ಚೀಲಕ್ಕಿಷ್ಟೆಂದು ಮುರಿದ ಸೂಟು ಎಷ್ಟು, ಹಮಾಲಿ, ದಲಾಲಿ, ಮುಂಗಡ. ಅಪ್ಪ ತುಟಿಯಲ್ಲೇ ಮಗ್ಗಿ ಹೇಳಿಕೊಂಡು ಕೂಡಿ ಕಳೆದ. ಲೆಕ್ಕ ಸರಿಯಾಗಿಯೇ ಇತ್ತು. "ಬರೋಬ್ಬರಿ ಐತ್ರಿ" ಎಂದು ನಮಸ್ಕಾರ ಮಾಡಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡ. ಸುತ್ತ ನಿಂತ ಒಂದಿಬ್ಬರು ನಕ್ಕರು. ಸುಮ್ಮನೆ ಕೇಳಿದನಲ್ಲ, ಏನು ಸಿಕ್ಕಿತು ಎಂದು. ಅವರ ನಗುವಿನಲ್ಲಿ ಒಂದು ತಪ್ಪು ತಿಳಿವಳಿಕೆಯಿತ್ತು. ಮೋಸ ಸಿಕ್ಕಿದರಷ್ಟೇ ಪ್ರಶ್ನೆ ಸಾರ್ಥಕ ಎಂದು ಅವರು ತಿಳಿದಿದ್ದರು. ಲೆಕ್ಕ ಸರಿಯಿದ್ದುದರಿಂದ ಅಪ್ಪನ ಪ್ರಶ್ನೆ ವ್ಯರ್ಥವಾಗಲಿಲ್ಲ. ಅದುವರೆಗೆ ಸಾಹುಕಾರರ ಮಾತಾಗಿದ್ದ ಮೊತ್ತ ಆ ಹೊತ್ತಿನಿಂದ ಅಪ್ಪನದೂ ಆಯಿತು.

ಎಲ್ಲವನ್ನೂ ನಾವೇ ಪರೀಕ್ಷಿಸಿ ನಂಬುತ್ತೇವೆಂದು ಹೊರಟರೆ ಒಂದು ದಿನವೂ ಬದುಕಲಾಗದು. ಬಸ್ಸು ಹತ್ತುವಾಗ ಬ್ರೇಕು ನೋಡುವುದಿಲ್ಲ, ಗುಳಿಗೆ ನುಂಗುವಾಗ ಕಾರ್ಖಾನೆಗೆ ಹೋಗುವುದಿಲ್ಲ. ಆ ನಾಲ್ಕು ಕೋಟಿ ಅಂಕಿಗಳನ್ನು ಗಣಿತದ ಪಂಡಿತರೂ ಓದಿಲ್ಲ. ಕೈಯಾರೆ ಮಾಡಿ ನೋಡದ್ದನ್ನು ನಂಬುವುದು ನಾಚಿಕೆಯ ಸಂಗತಿಯಲ್ಲ. ನಾವು ಕೇಳಬಹುದಾದ ಪ್ರಶ್ನೆ ಒಂದಿದೆ: ಬೇಕೆಂದಾಗ ಯಾರಾದರೂ ಇದನ್ನು ಪರೀಕ್ಷಿಸಲು ದಾರಿ ಬಿಟ್ಟಿದ್ದಾರೆಯೇ? ಬಿಟ್ಟಿದ್ದರೆ ನನ್ನ ನಂಬಿಕೆ ಕುರುಡಲ್ಲ; ನನಗೆ ಕಾಣದಿದ್ದರೂ ಕಾಣಬಲ್ಲ ಕಣ್ಣುಗಳು ಎಲ್ಲೋ ತೆರೆದಿವೆ. ದಾರಿ ಮುಚ್ಚಿದ್ದರೆ ಹೇಳಿದವನು ಎಷ್ಟೇ ದೊಡ್ಡವನಿರಲಿ, ಒಂದು ಹೆಜ್ಜೆ ಹಿಂದೆ ನಿಲ್ಲುವುದು ಲೇಸು. ಮಾತಾಡುವವರಿಗೂ ಇದರಲ್ಲಿ ಒಂದು ಧರ್ಮವಿದೆ. ತಾನು ಎಲ್ಲಿಯವರೆಗೆ ಭಾಗಿಸಿ ನೋಡಿದೆ ಎಂಬುದನ್ನು ಹೇಳಬೇಕು. ನೂರಕ್ಕೆ ನಿಲ್ಲಿಸಿದ್ದರೆ ನೂರೆಂದೇ ಹೇಳಬೇಕು. ಉಳಿದ ಮೂವತ್ತೈದನ್ನು ಇನ್ನೊಬ್ಬರು ಮುಗಿಸಿಯಾರು.

ಹಾಗೆ ತೆರೆದಿಟ್ಟ ದಾರಿಯಲ್ಲಿ ಒಂದೆರಡು ಹೆಜ್ಜೆಯನ್ನಾದರೂ ನಾವೇ ನಡೆದು ನೋಡುವುದರಲ್ಲಿ ಒಂದು ಸುಖವಿದೆ. ಎರಡುಗಳನ್ನು ಗುಣಿಸುತ್ತ ಹೋದರೆ 2, 4, 8, 16, 32, 64, 128, 256 ಎಂದು ಬರುತ್ತವೆ. ಕೊನೆಯ ಅಂಕಿಯನ್ನಷ್ಟೇ ನೋಡಿ: 2, 4, 8, 6, ಮತ್ತೆ 2, 4, 8, 6. ನಾಲ್ಕಕ್ಕೊಂದು ಸುತ್ತು. 136279841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಒಂದು. ಆದ್ದರಿಂದ ಅಷ್ಟು ಎರಡುಗಳ ಗುಣಲಬ್ಧ ಎರಡರಲ್ಲಿ ಮುಗಿಯಬೇಕು. ಒಂದು ಕಳೆದರೆ ಒಂದರಲ್ಲಿ. ಯಂತ್ರಗಳು ಕೊಟ್ಟ ಆ ಮಹಾಸಂಖ್ಯೆಯ ಕಟ್ಟಕಡೆಯ ಅಂಕಿಯೂ 1 ಎಂದೇ ಇದೆ. ನಾಲ್ಕು ಕೋಟಿಯಲ್ಲಿ ನಾವು ಪರೀಕ್ಷಿಸಿದ್ದು ಒಂದೇ ಅಂಕಿ. ಉಳಿದವುಗಳಿಗೆ ಬೇರೆಯವರ ಮಾತಿದೆ, ಆ ಮಾತಿಗೆ ತೆರೆದ ದಾರಿಯಿದೆ. ಈ ಒಂದನ್ನು ಮಾತ್ರ ಕೂಡ್ಲಿಗಿಯ ಶಾಲೆಯ ಹುಡುಗಿಯೊಬ್ಬಳು ಪಾಟಿಯ ಮೇಲೆ ಬರೆದು, ಯಾರನ್ನೂ ಕೇಳದೆ, ಸರಿಯೆಂದು ಹೇಳಬಲ್ಲಳು.